ಎಂಟು ದಿನಕ್ಕೆ ಅರ್ಧ

ನಾರಾಯಣಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕುಡಿದ ದಿನವೇ ಹೊಸೂರಿನಲ್ಲಿ ಮಗಳು ಸರಳಾ ಹೆತ್ತಳು. ಹಾಗಾಗಿ ನಾರಾಯಣಮ್ಮನ ಗಂಡ, ಸಾನಮಾವು ಊರಿನ ಲಕ್ಷ್ಮಣಪ್ಪ, ಎರಡಕ್ಕೂ ಒಂದೇ ಗಡುವು ಹಾಕಿಕೊಂಡ. ಕೂಸಿನ ಪುರುಡು ಹನ್ನೊಂದನೆಯ ದಿನ ಕಳೆಯುತ್ತದೆ, ವಿಕಿರಣದಿಂದ ಹೆಂಡತಿಗೆ ತಗುಲಿದ ಮೈಲಿಗೆಯೂ ಅಂದೇ ಕಳೆಯಬೇಕು. ಅವಳು ಎಳೆಗೂಸನ್ನು ಇಪ್ಪತ್ತೊಂದು ದಿನ ಮುಟ್ಟಬಾರದೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಷ್ಟು ಕಾಯುವಂತಿರಲಿಲ್ಲ. ಬಾಣಂತನಕ್ಕೆ ತವರಿನಲ್ಲಿ ಹೆಂಗಸಿಲ್ಲವೆಂದು ಮೂಕಂಡಪಲ್ಲಿಯ ಬೀಗಿತ್ತಿ ಹನ್ನೆರಡನೆಯ ದಿನವೇ ಬಂದು ತಾಯಿ ಮಗುವನ್ನು ಕರೆದೊಯ್ಯುವವಳಿದ್ದಳು. ನಾರಾಯಣಮ್ಮ ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸರಳಾ ಬಿಡಿಸಿ ಹೇಳಿದ್ದಳು. ಉಪ್ಪಿನಲ್ಲಿರುವ ಅಯೋಡಿನ್ನೂ ಅವ್ವ ಕುಡಿದದ್ದೂ ಒಂದೇ ಜಾತಿ, ಎರಡರ ನ್ಯೂಕ್ಲಿಯಸ್ಸಿನಲ್ಲೂ ಐವತ್ತಮೂರು ಪ್ರೋಟಾನು. ಅವು ಒಂದನ್ನೊಂದು ದೂಡುತ್ತವೆ, ಹಿಡಿದಿಡಲು ನ್ಯೂಟ್ರಾನು ಬೇಕು. ಉಪ್ಪಿನದರಲ್ಲಿ ಅವು ಎಪ್ಪತ್ತನಾಲ್ಕು, ಹದವಾಗಿವೆ, ಎಂದಿಗೂ ಅಲುಗುವುದಿಲ್ಲ. ಅವ್ವನದರಲ್ಲಿ ಎಪ್ಪತ್ತೆಂಟು.

“ಹಿಡ್ಕೊಳ್ಳೋರು ನಾಕು ಜನ ಜಾಸ್ತಿ ಇದ್ರೆ ಒಳ್ಳೇದಲ್ವೇನಮ್ಮ?”

“ಇಲ್ಲ ಕಣಪ್ಪ. ಕಮ್ಮಿಯಾದ್ರೂ ನಿಲ್ಲಲ್ಲ, ಹೆಚ್ಚಾದ್ರೂ ನಿಲ್ಲಲ್ಲ. ಒಂದು ನ್ಯೂಟ್ರಾನು ಪ್ರೋಟಾನಾಗಿ ಬದಲಾದ್ರೇನೇ ಅದಕ್ಕೆ ನೆಮ್ದಿ. ಆವಾಗ್ಲೇ ಕಿರಣ ಹೊರಡೋದು. ಎಂಟು ದಿನಕ್ಕೆ ಅರ್ಧ ಹಂಗೆ ಹೋಯ್ತದೆ, ಇನ್ನೆಂಟು ದಿನಕ್ಕೆ ಉಳಿದಿದ್ರಲ್ಲಿ ಅರ್ಧ.”

ಓದಿದ್ದು ಹೆಚ್ಚಾಯಿತು ಎಂದು ಗದರಿ ಅವನು ಎದ್ದುಹೋಗಿದ್ದ.

ಹನ್ನೊಂದನೆಯ ದಿನ ತಾನೇ ಮನೆ ಸಾರಿಸಿ ಗಂಜಲ ಚಿಮುಕಿಸಿದ. ಆಸ್ಪತ್ರೆಯಿಂದ ಬಂದಾಗಿನಿಂದ ಗುಲಾಬಿ ತೋಟದ ಶೆಡ್ಡಿನಲ್ಲಿ ಒಬ್ಬಳೇ ಇದ್ದ ಹೆಂಡತಿಗೆ ಅರಿಸಿನದ ನೀರೂ ಗಂಜಲವೂ ಇಟ್ಟು ಬಂದ. ಸರಳಾ ಸ್ನಾನಕ್ಕೆ ಹೋದದ್ದು ನೋಡಿ ಕೂಸನ್ನೆತ್ತಿಕೊಂಡು ತೋಟಕ್ಕೆ ನಡೆದ.

ನಾರಾಯಣಮ್ಮ ಹೊಸಿಲ ಮೇಲೆ ಕೂತಿದ್ದಳು. ಕೂದಲಿನಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಕೂಸನ್ನು ಕಂಡವಳೇ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

“ಮೈಲಿಗೆ ಕಳೀತು ಕಣೆ. ತಗೋ,” ಎಂದ.

“ಎಂಟು ದಿನಕ್ಕೆ ಅರ್ಧ ಅಂತ ಸರಳಾ ಫೋನಲ್ಲಿ ಹೇಳವ್ಳೆ. ಉಳಿದಿದ್ನ ಗಂಜಲ ತೊಳೀತಾ?”

ಅವನು ಕೂಸನ್ನೆತ್ತಿಕೊಂಡೇ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಕಲ್ಲಿನ ಮೇಲೆ ಕೂತ.

“ಸುಳಿ ಎಷ್ಟವೆ?” ಬಾಗಿಲಿನ ಹಿಂದಿನಿಂದ ಅವಳು ಕೇಳಿದಳು.

ಟೋಪಿ ಸರಿಸಿ ನೋಡಿದ. “ಒಂದೇ.”

“ಎತ್ತಗೆ?”

“ಎಡಕ್ಕೆ.”

ಮನೆಯ ಕಡೆಯಿಂದ ಸರಳಾ ಅಪ್ಪನನ್ನು ಕೂಗತೊಡಗಿದಳು. ಲಕ್ಷ್ಮಣಪ್ಪ ಬಾಗಿಲಿನ ಸಂದಿಗೆ ಕಾಣುವಂತೆ ಕೂಸಿನ ಮುಖವನ್ನು ಅತ್ತ ತಿರುಗಿಸಿ ಹಿಡಿದುಕೊಂಡ.