ರಾಯ್ಸ್ ಟೆಫ್ಟ್ ರಿಪೇರಿ ಮಾಡಿದ ಕಂಟ್ರೋಲರ್

ಮೊಹಾಕ್ ನದಿಯ ಮೇಲಿನ ದಿಬ್ಬದಲ್ಲಿರುವ ಸ್ಮಶಾನವನ್ನು ಆರ್ಲೀನ್ ವಾಸ್‌ಬರ್ಗ್ ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಹುಲ್ಲು ಕತ್ತರಿಸಲು, ಮಣ್ಣು ಎಳೆಯಲು ಅವಳ ಬಳಿ ಇದ್ದದ್ದು ೧೯೭೨ರ ಪುಟ್ಟ ಬ್ಯಾಟರಿ ಟ್ರ್ಯಾಕ್ಟರ್. ಅದಕ್ಕೆ ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದ ಸಾಲಿನಲ್ಲಿ ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಮಾತ್ರ ಅದು ಹೊರಡುವಾಗಲೆಲ್ಲ ಬೆಚ್ಚಿದ ಕುದುರೆಯಂತೆ ಎಗರತೊಡಗಿತು. ಮೋಟಾರು ಗಟ್ಟಿಯಾಗಿತ್ತು, ಅದಕ್ಕೆ ಕರೆಂಟನ್ನು ಅಳೆದು ಬಿಡುವ ಕಂಟ್ರೋಲರ್ ಕೈಕೊಟ್ಟಿತ್ತು.

ಗಾಲ್ಫ್ ಗಾಡಿ ರಿಪೇರಿ ಮಾಡುವ ಡ್ವೇನ್, ಹೊಸ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೂರಿಸಿಕೊಡುತ್ತೇನೆಂದ. ಆದರೆ ಹಳೆಯ ಬ್ಯಾಟರಿ ಟ್ರ್ಯಾಕ್ಟರಿನವರ ನಡುವೆ ರಾಯ್ಸ್ ಟೆಫ್ಟ್ ಹೇಳಿದ್ದೇ ಕೊನೆಯ ಮಾತು. ಹಳೆಯ ಕಂಟ್ರೋಲರನ್ನೇ ಬಿಚ್ಚಿ, ತೊಳೆದು, ಕರೆಂಟು ತಾಗುವ ಕಡೆ ಹೊಸ ತಾಮ್ರ ಹಾಕಿ ಕೊಡುತ್ತಾನೆಂದು ಅವನ ಖ್ಯಾತಿ. ಆರ್ಲೀನಳೇ ಆರು ಜನರನ್ನು ಅವನ ಬಳಿ ಕಳಿಸಿದ್ದಳು.

"ಅಲ್ಲಾ ಆರ್ಲೀನ್, ಗಾಲ್ಫ್ ಆಡೋರ ಡಬ್ಬಿ ತಂದು ಇದಕ್ಕೆ ತುರುಕ್ತೀಯಾ?" ಎಂದು ರಾಯ್ಸ್ ಫೋನಿನಲ್ಲಿ ನಕ್ಕ. "ಸದ್ದು ಕೇಳೇ ಮೋಟಾರಿನ ಕಾಯಿಲೆ ಹೇಳೋಳು ನೀನು. ನಿಂಗಾದ್ರೂ ಬುದ್ಧಿ ಇದೆ ಅಂದ್ಕೊಂಡಿದ್ನಲ್ಲೇ!"

ಆರ್ಲೀನ್ ಉಬ್ಬಿಹೋದಳು. ಅವನು ರಿಪೇರಿ ಮಾಡಿಟ್ಟಿದ್ದ ಒಂದು ಕಂಟ್ರೋಲರನ್ನೇ ತರಿಸಿದಳು. ಬಂದ ಪೆಟ್ಟಿಗೆ ಕರಿಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಹದಿನೈದು ದಿನ ಟ್ರ್ಯಾಕ್ಟರ್ ಸರಾಗವಾಗಿ ಓಡಿತು.

ಹದಿನಾರನೆಯ ದಿನ ಮುದಿ ಮೇಷ್ಟ್ರೊಬ್ಬರ ಶವಸಂಸ್ಕಾರ. ಆರ್ಲೀನ್ ಹೂವಿನ ಗಾಡಿ ಎಳೆದುಕೊಂಡು ಗೋರಿಯ ಹತ್ತಿರ ಬರುವಷ್ಟರಲ್ಲಿ ಟ್ರ್ಯಾಕ್ಟರಿನ ಸೀಟಿನಡಿಯಿಂದ ನಾತ ಎದ್ದಿತು. ಕೂದಲು ಸುಟ್ಟಂಥ, ಹಳೆಯ ಉಚ್ಚೆ ಕಾಯಿಸಿದಂಥ ನಾತ. ಮೇಷ್ಟ್ರ ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಲ್ಲಗೆ ಶವಪೆಟ್ಟಿಗೆಯ ಕಡೆ ನೋಡಿದಳು. ಅವಳಿಗೆ ಏನನ್ನಿಸಿತೆಂದು ಆರ್ಲೀನಳಿಗೆ ಅರ್ಥವಾಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು.

ಶೆಡ್ಡಿಗೆ ತಂದು ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆಲ್ಲ ಟಾರು ಹೊಯ್ದಿತ್ತು. ಉಳಿಯಿಂದ ಕೆತ್ತಿದಳು. ಟಾರಿನಡಿ ಇಲಿಯ ಗೂಡು. ರಾಯ್ಸ್ ಅದನ್ನು ತೆಗೆಯುವ ಗೋಜಿಗೂ ಹೋಗದೆ ಅದರ ಮೇಲೆಯೇ ಸುರಿದಿದ್ದ. ನಾಲ್ಕು ಮರಿಗಳು ಬಾಲ ಸುತ್ತಿಕೊಂಡು ಕರಿ ಅಂಟಿನಲ್ಲಿ ಹೂತಿದ್ದವು. ಒಂದರ ಬಾಯಿ ತೆರೆದೇ ಇತ್ತು. ಹೊಸ ತಾಮ್ರವೆಂದರೆ ಹಳೆಯದನ್ನೇ ಕಾಗದದಷ್ಟು ತೆಳ್ಳಗೆ ಅರ ಹಾಕಿ ತಾಮ್ರದ ಬಣ್ಣ ಬಳಿದದ್ದು. ಬಣ್ಣ ಉಗುರಿಗೇ ಎದ್ದುಬಂತು. ಆರ್ಲೀನ್ ಹೊರಗೆ ಹೋಗಿ ಬೇಲಿ ಹಿಡಿದು ವಾಂತಿ ಮಾಡಿದಳು.

ಶನಿವಾರ ಟ್ರ್ಯಾಕ್ಟರಿನವರೆಲ್ಲ ಸೇರುವ ಬಯಲಿಗೆ ಆ ಪೆಟ್ಟಿಗೆ ಎತ್ತಿಕೊಂಡೇ ಹೋದಳು. ರಾಯ್ಸ್ ಸುಟ್ಟ ಕೋಳಿ, ಉಪ್ಪುನೀರಲ್ಲಿ ಬೇಯಿಸಿದ ಆಲೂಗಡ್ಡೆ ತಿನ್ನುತ್ತ ಕೂತಿದ್ದ. ಗದ್ದದ ಮೇಲೆ ಬೆಣ್ಣೆ ಇಳಿದಿತ್ತು.

"ಇದೇನು?" ಎಂದಳು.

ಅವನು ಬಗ್ಗಿ ನೋಡಿದ. ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾರೇ ನಿಂಗೆ ಬಿಚ್ಚೋಕೆ ಹೇಳಿದ್ದು?"

"ಇಲಿ ಇದೆ ರಾಯ್ಸ್. ನಾಲ್ಕು!"

"ಹೋಗ್ಲಿ ಬಿಡು, ಇನ್ನೊಂದು ಕೊಡ್ತೀನಿ. ಇಲ್ಲಿ ಮಾತ್ರ ಬಾಯಿ ಬಿಡ್ಬೇಡ. ಇಷ್ಟು ದಿನ ಚೆನ್ನಾಗೇ ಓಡಿಸಿದ್ಯಲ್ಲ? ಆ ಭಾರೀ ಕಿವಿಗೆ ಏನೂ ಗೊತ್ತಾಗ್ಲಿಲ್ವಾ?"

ಅವನ ಬೆರಳಿನ ಜಿಡ್ಡು ಅವಳ ತೋಳಿಗೆ ತಾಗಿತು. ಕೊಡವಿಕೊಂಡಳು. ಅವನಿಗಿಂತ ಹೆಚ್ಚಾಗಿ, ಆ ಬಾಯಿಂದ ಬಂದ ಹೊಗಳಿಕೆಯನ್ನು ಸಿಹಿಯೆಂದು ನುಂಗಿದ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಪೆಟ್ಟಿಗೆಯನ್ನು ಅವನು ಮಾರಾಟಕ್ಕೆ ಜೋಡಿಸಿಟ್ಟ ಮೇಜಿನ ನಟ್ಟನಡುವೆ, ಮುಚ್ಚಳ ತೆಗೆದೇ ಇಟ್ಟಳು. ಜನ ಬಗ್ಗಿ ನೋಡಿದರು, ಮೂಗು ಮುಚ್ಚಿಕೊಂಡರು. ಆದರೆ ಒಬ್ಬರೂ ರಾಯ್ಸ್‌ಗೆ ಏನೂ ಅನ್ನಲಿಲ್ಲ. ತಟ್ಟೆ ಹಿಡಿದು ಮತ್ತೆ ಕೋಳಿಯ ಸಾಲಿಗೆ ಹೋದರು.

ಸೋಮವಾರ ಅವಳು ಟ್ರ್ಯಾಕ್ಟರನ್ನು ಡ್ವೇನನ ಅಂಗಡಿಗೆ ಸಾಗಿಸಿದಳು. ಅವನು ಮೋಟಾರಿನ ತಂತಿಗಳನ್ನು ಅಳೆದು ನೋಡಿ ತಲೆ ಕೆರೆದುಕೊಂಡ.

"ಅವತ್ತು ನಾನು ಹೇಳಿದ ಕಂಟ್ರೋಲರ್ ಇದಕ್ಕೆ ಆಗಲ್ಲ ಕಣಮ್ಮ. ಗಾಲ್ಫ್ ಗಾಡಿ ಮೋಟಾರೇ ಬೇರೆ. ಇದ್ರಲ್ಲಿ ತಂತಿಯ ಎರಡು ಸುತ್ತು ಬೇರೆಬೇರೆ ಇದೆ, ಎರಡನ್ನೂ ಬೇರೆಬೇರೆ ಆಳೋದು ಬೇಕು. ನೋಡ್ದೇನೇ ಹೇಳ್ಬಿಟ್ಟಿದ್ದೆ, ತಪ್ಪಾಯ್ತು. ಇಗೋ, ಅಂಥ ಕಂಟ್ರೋಲರ್ ಇದು."

"ಒಳಗಡೆ ತೋರ್ಸು," ಎಂದಳು ಆರ್ಲೀನ್.

ಅವನು ನಗದೆ ಸ್ಕ್ರೂ ಬಿಚ್ಚಿ ತೋರಿಸಿದ. ಅವಳು ಟಾರ್ಚ್ ಬಿಟ್ಟು ಮೂಲೆಮೂಲೆ ನೋಡಿ, ಮೂಸಿಯೂ ನೋಡಿ, ಅದನ್ನೇ ಆರಿಸಿದಳು. ಅದನ್ನು ಕೂರಿಸಿದ ಮೇಲೆ ಟ್ರ್ಯಾಕ್ಟರ್ ಒಪ್ಪವಾಗಿ ಓಡಿತು. ಅವಳಿಗೆ ಖುಷಿಯೇನೂ ಆಗಲಿಲ್ಲ.

ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ತಾನು ರಾಯ್ಸ್ ಬಳಿ ಕಳಿಸಿದ್ದ ಆರು ಜನರಿಗೆ ಫೋನು ಮಾಡಲು ಕೂತಳು. ಮೊದಲನೆಯವಳು ಅರ್ಮಾ ಲೌಕ್ಸ್.

"ರಾಯ್ಸಾ? ಛೆ, ಅಂಥೋನಲ್ಲಪ್ಪ," ಎಂದಳು ಅರ್ಮಾ. "ನೀನೇ ಎಲ್ಲೋ ಶೆಡ್ಡಲ್ಲಿ ಇಲಿ ಬಿಟ್ಕೊಂಡಿರ್ತೀಯ."

"ಟಾರಿನಡೀಗಾ ಅರ್ಮಾ? ನಿನ್ನ ಪೆಟ್ಟಿಗೆ ಮುಚ್ಚಳ ಒಂದ್ಸಲ ತೆಗೆದು ನೋಡು."

"ಚೆನ್ನಾಗಿ ಓಡ್ತಿರೋದನ್ನ ನಾನ್ಯಾಕೆ ಬಿಚ್ಲಿ?"

ಆರ್ಲೀನ್ ಫೋನಿಟ್ಟಳು. ಬಾಯಿ ಕಹಿಯಾಗಿತ್ತು. ಒಂದು ಲೋಟ ನೀರು ಕುಡಿದು ಎರಡನೆಯ ನಂಬರ್ ಒತ್ತಿದಳು.