ನಮ್ಮಂಥವರು

ಗಂಗಾಧರಪ್ಪ ಮೇಷ್ಟ್ರನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ೧೯೬೮ರಲ್ಲಿ ನಾನು ಮಾತಿನ ತೊಂದರೆಗಳನ್ನು ತಿದ್ದುವ ವಿದ್ಯೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ತೊದಲುವವರು, ಕಿವಿ ಕೇಳದ ಮಕ್ಕಳು, ಸೀಳುತುಟಿಯವರು, ಇವರಿಗೆಲ್ಲ ಮಾತು ಕಲಿಸುವುದು ಹೇಗೆಂದು ಅರ್ಧ ದಿನ ಪಾಠ, ಅರ್ಧ ದಿನ ಕ್ಲಿನಿಕ್ಕು. ಮೇಷ್ಟ್ರು ಅಮೆರಿಕದಲ್ಲಿ ಕಲಿತು ಬಂದವರು. ಅಲ್ಲಿಂದ ಟೈ ಮತ್ತು ಜಂಬ ಎರಡನ್ನೂ ತಂದಿದ್ದರು.

ದಸರಾ ರಜೆಗೆ ಮುಂಚೆ ನಮಗೊಂದು ಕೆಲಸ ಕೊಟ್ಟರು. ಗುರುತಿಲ್ಲದ ಐದು ಜನರ ಮುಂದೆ ತೊದಲುವವರಂತೆ ನಟಿಸಿ ಮಾತಾಡಬೇಕು. ಅವರು ಏನಂದರು, ಮುಖ ಹೇಗೆ ಮಾಡಿದರು, ಎಲ್ಲ ಬರೆದು ತರಬೇಕು.

"ತೊದಲೋರ ಕಷ್ಟ ನಿಮ್ಮ ಮೈಗೆ ಹತ್ಬೇಕು," ಎಂದರು. "ಯಾವ ಕಾರಣಕ್ಕೂ ನಟನೆ ಅಂತ ಬಾಯಿ ಬಿಡಕೂಡ್ದು. ಬಿಟ್ರೆ ಮಾರ್ಕ್ಸಿಲ್ಲ."

ನಮ್ಮೂರು ಬೇಲೂರಿನಲ್ಲಿ ಅದು ಸಾಧ್ಯವಿರಲಿಲ್ಲ. ದೇವಸ್ಥಾನದ ಪಾರಾಯಣದ ವರದರಾಜರ ಮಗಳು ಕೋಮಲವಲ್ಲಿಯ ಬಾಯಿ ಎಂಥದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ರಜೆ ಮುಗಿಸಿ ಮರಳುವಾಗ ಅರಸೀಕೆರೆಯಲ್ಲಿಳಿದು, ರೈಲಿಗೆ ಇನ್ನೂ ಎರಡು ಗಂಟೆ ಇದ್ದುದರಿಂದ ಒಂದು ಹೋಟೆಲಿಗೆ ನುಗ್ಗಿದೆ. ಗಲ್ಲಾದಲ್ಲಿ ಕೂತವನ ಮುಂದೆ ನಿಂತು "ಇ-ಇ-ಇಡ್ಲಿ" ಎಂದೆ.

ಆತ ಹಲ್ಲು ಕಿರಿದ. "ಏನಮ್ಮಾ, ಗ್ರಾಮಫೋನ್ ಪ್ಲೇಟು ಸಿಕ್ಕಾಕ್ಕೊಂಡ್ತಾ? ಮುಳ್ಳು ಎತ್ತಿ ಇಡ್ಲಾ?"

ಒಳಗಿದ್ದವರೆಲ್ಲ ನಕ್ಕರು. ಅವನ ವಂಶಕ್ಕೆಲ್ಲ ಸಾಲುವಷ್ಟು ಬೈಗುಳ ನನ್ನ ನಾಲಿಗೆಯ ತುದಿಗೆ ಬಂತು. ಮಾರ್ಕಿನ ಆಸೆಗೆ ನುಂಗಿಕೊಂಡು "ಪ-ಪ-ಪಾರ್ಸೆಲ್" ಎಂದೆ.

"ಇನ್ನೂ ಒಂದ್ ಹಾಡೈತೆ ಕೇಳ್ರಪ್ಪೋ!"

ಆಗ ಮೂಲೆಯ ಬೆಂಚಿನಿಂದ ಒಬ್ಬ ರೈತ ಎದ್ದ. ಮೂವತ್ತೈದರ ಆಸುಪಾಸು, ಗಟ್ಟಿ ಆಳು. ಗಲ್ಲಾದ ಬಳಿ ಬಂದು ಬಾಯಿ ತೆರೆದ. ಮಾತು ಬರಲಿಲ್ಲ. ಕಣ್ಣು ಮುಚ್ಚಿಕೊಂಡಿತು, ದವಡೆ ಒಂದು ಕಡೆಗೆ ಎಳೆಯಿತು, ಬಲಗಾಲು ನೆಲ ಒದೆಯಿತು.

"ಹೆ-ಹೆ-ಹೆಣ್ಮಗ ಕ-ಕಣ್ಲಾ. ನ-ನ-ನಗ್ಬ್ಯಾಡ."

"ಜೋಡಿ ಸಿಕ್ತು!" ಎಂದು ಗಲ್ಲಾದವನು ಕೂಗಿದ. ಹೋಟೆಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಮನುಷ್ಯನ ಕಿವಿಯೆಲ್ಲ ಕೆಂಪಾಯಿತು, ಆದರೂ ಜಾಗ ಬಿಡಲಿಲ್ಲ. ನನ್ನ ಕೈಗೆ ಇಡ್ಲಿ ಪೊಟ್ಟಣ ಬರುವ ತನಕ ಅಲ್ಲೇ ನಿಂತ. ಅಷ್ಟು ಹೊತ್ತೂ ನಾನೇನು ಮಾಡುತ್ತಿದ್ದೆ? ಎಣಿಸುತ್ತಿದ್ದೆ. ಎಷ್ಟು ಸಲ ತಡೆಯಿತು, ಎಷ್ಟು ಸೆಕೆಂಡು ನಿಂತಿತು ಎಂದು. ನಾಚಿಕೆಗೆಟ್ಟವಳು.

ಹೊರಗೆ ಬಂದ ಮೇಲೆ ಅವನು ನಿಧಾನವಾಗಿ ತನ್ನ ವಿಷಯ ಹೇಳಿಕೊಂಡ. ಹೆಸರು ಲಕ್ಕಪ್ಪ, ಊರು ಗಂಡಸಿ ಕಡೆ. ಹೊರಗಿನವರ ಮುಂದೆ ಬಾಯಿಬಿಟ್ಟು ಹತ್ತು ವರ್ಷವಾಗಿತ್ತಂತೆ. ಅವನ ತೆಂಗಿನ ತೋಟದ ಮೇಲೆ ದಾಯಾದಿ ನಂಜುಂಡಯ್ಯ ತಕರಾರು ತೆಗೆದಿದ್ದ. ಮಾತು ಬಾರದವನಿಗೆ ಬುದ್ಧಿಯೂ ಇಲ್ಲ, ತೋಟ ನನ್ನ ಸುಪರ್ದಿಗೆ ಬರಲಿ ಎಂದು ಅರ್ಜಿ ಕೊಟ್ಟಿದ್ದ. ಎರಡು ತಿಂಗಳಲ್ಲಿ ತಾಲ್ಲೂಕಿನ ಅಮಲ್ದಾರರ ಮುಂದೆ ಲಕ್ಕಪ್ಪ ತೋಟದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ, ತನ್ನ ಬಾಯಿಂದಲೇ ಹೇಳಬೇಕಿತ್ತು.

"ಮ-ಮೂಡ್ಲಿಗೆ ಹ-ಹಳ್ಳ ಅನ್ನೋದ್ರೊಳ್ಗೇ ಅವ್ರು ಎ-ಎದ್ದೋಯ್ತಾರೆ ಕಣವ್ವಾ," ಎಂದ.

ನಾಲ್ಕು ಎಲ್ಲೆ ಹೇಳಲು ಬೇಕಾದಷ್ಟು ಮಾತನ್ನು ಎರಡು ತಿಂಗಳಲ್ಲಿ ಕಲಿಸಬಹುದು, ನಾನೇ ಕಲಿಸಬಲ್ಲೆ ಎಂದು ನನಗೆ ಗೊತ್ತಿತ್ತು. ಅಲ್ಲೇ ನಿಜ ಹೇಳಬೇಕಿತ್ತು. ಮೇಷ್ಟ್ರ ನಿಯಮ ಅಡ್ಡ ಬಂತು. ನಮ್ಮ ಕಾಲೇಜೇ ನಡೆಸಲಿದ್ದ ಮಾತಿನ ಶಿಬಿರ ನೆನಪಾಯಿತು. "ಹ-ಹದಿನೈದು ದಿನಕ್ಕೆ ಜಾ-ಜಾವಗಲ್ ಸ್ಕೂಲಲ್ಲಿ ಶಿಬಿರ ಶುರುವಾಗತ್ತೆ," ಎಂದೆ. "ನ-ನ-ನಮ್ಮಂಥೋರಿಗೆ ಮಾತು ಕಲಿಸ್ತಾರೆ. ನಾನೂ ಇರ್ತೀನಿ, ಬನ್ನಿ."

ನಮ್ಮಂಥವರು! ಆ ಒಂದು ಮಾತಿಗೆ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

"ನೀ-ನೀನಿದ್ರೆ ಬ-ಬತ್ತೀನಿ," ಎಂದ.

ರೈಲಿನಲ್ಲಿ ಕೂತು ಅವನ ಬಗ್ಗೆಯೇ ಮೂರು ಪುಟ ಬರೆದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾರ್ಕು ನನಗೇ ಬಂತು.

ಅವನು ಶಿಬಿರಕ್ಕೆ ಬಂದ ಕೂಡಲೇ ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಡಬೇಕೆಂದುಕೊಂಡಿದ್ದೆ. ಮೊದಲ ದಿನ, ಬೆಳಗಿನ ಬಸ್ಸಿಗೇ ಬರುತ್ತಾನೆಂದು ಯಾರಿಗೆ ಗೊತ್ತಿತ್ತು? ಜಾವಗಲ್ಲಿನ ಶಾಲೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಶಿಬಿರ ಏನು, ಯಾಕೆ ಎಂದು ಅವರಿಗೆ ತಿಳಿಸುವ ಕೆಲಸ ಮೇಷ್ಟ್ರು ನನಗೆ ವಹಿಸಿದ್ದರು. ಬೆಂಚಿನ ಮೇಲೆ ನಿಂತು, ಗಂಟಲೆತ್ತಿ, ಒಂದಕ್ಷರ ತಡವರಿಸದೆ ಮಾತಾಡುತ್ತಿದ್ದೆ. ಆಗ ಗೇಟಿನಲ್ಲಿ ಲಕ್ಕಪ್ಪ ಕಂಡ. ಒಗೆದ ಅಂಗಿ, ಹೊಸ ರುಮಾಲು, ಕೈಯಲ್ಲಿ ನಾಲ್ಕು ಎಳನೀರು. ನಗುತ್ತಾ ಬರುತ್ತಿದ್ದವನು ನಡುವೆಯೇ ನಿಂತುಬಿಟ್ಟ. ನಾನು ಮಾತು ನಿಲ್ಲಿಸಿದೆ, ಆದರೆ ಅವನು ಕೇಳಿಸಿಕೊಂಡಾಗಿತ್ತು.

ಹತ್ತಿರ ಬಂದು, ದವಡೆ ಎಳೆದು, ಕಾಲು ಒದೆದು ಕೇಳಿದ. "ನಿ-ನಿಂಗೆ ಮಾ-ಮಾತು ಬತ್ತದಾ?"

ನಾನು ಬೆಂಚಿನಿಂದ ಇಳಿಯುವುದರೊಳಗೆ ಗಂಗಾಧರಪ್ಪ ಧಾವಿಸಿ ಬಂದರು. "ಓಹೋ, ಅರಸೀಕೆರೆ ಹೋಟೆಲಲ್ಲಿ ಇವಳಿಗೆ ಸಿಕ್ಕೋರು ನೀವೇನಾ? ಅದು ನಟನೆ ಕಣ್ರೀ, ನಮ್ಮ ಕೋರ್ಸಿನ ಒಂದು ಭಾಗ. ನಿಮ್ಮ ವಿಷಯ ಎಷ್ಟು ಚೆನ್ನಾಗಿ ಬರ್ದಿದಾಳೆ ಗೊತ್ತೇ? ದವಡೆ ಎಳ್ಯೋದು, ಕಾಲು ಒದೆಯೋದು, ಒಂದೂ ಬಿಟ್ಟಿಲ್ಲ. ಇಡೀ ಕ್ಲಾಸಿಗೆ ಓದಿ ತೋರಿಸ್ದೆ."

ಆತನ ಟೈ ಹಿಡಿದು ಎಳೆಯಬೇಕೆನ್ನಿಸಿತು. ಆದರೆ ಬರೆದವಳು ನಾನು.

ಲಕ್ಕಪ್ಪ ಎಳನೀರನ್ನು ನೆಲಕ್ಕಿಟ್ಟ. ಮಾತಿಗೆ ಬಹಳ ಹೊತ್ತು ಹಿಡಿಯಿತು. ಈ ಸಲ ನಾನು ಎಣಿಸಲಿಲ್ಲ.

"ಓ-ಓಟ್ಲಲ್ಲಿ ಅವ್ರು ನ-ನಕ್ರು, ನಗ್ಲಿ. ನೀ-ನೀನು ಬ-ಬರ್ಕೊಂಡೆ."

ಅಷ್ಟು ಹೇಳಿ ಬಸ್ಸಿನ ಕಡೆ ಹೊರಟ.

"ಬಿಡು, ಬೇರೆ ಕೇಸು ಸಿಗತ್ತೆ," ಎಂದರು ಮೇಷ್ಟ್ರು.

"ನೀವು ಬಾಯಿ ಮುಚ್ಕೊಳ್ಳಿ ಸಾರ್," ಎಂದು ಅಷ್ಟೂ ಜನರ ಮುಂದೆ ಹೇಳಿ ಓಡಿದೆ. ಓಡುವಾಗ ಸೀರೆ ಕಾಲಿಗೆ ತೊಡರಿ ಒಂದು ಚಪ್ಪಲಿ ಎಲ್ಲೋ ಉಳಿಯಿತು.

ಅರಸೀಕೆರೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವನು ಕಿಟಕಿಯ ಪಕ್ಕ ಕೂತಿದ್ದ. ನಾನು ಸರಳು ಹಿಡಿದುಕೊಂಡೆ, ಇಡೀ ಬಸ್ಸು ನನ್ನತ್ತ ತಿರುಗಿತು. ತಪ್ಪಾಯಿತು, ನನ್ನ ಮುಖ ನೋಡಬೇಡಿ, ಆದರೆ ಇಳಿಯಿರಿ, ಬೇರೆ ಯಾರಾದರೂ ಕಲಿಸುತ್ತಾರೆ, ಸಿಟ್ಟಿಗೆ ತೋಟ ಕಳೆದುಕೊಳ್ಳಬೇಡಿ. ಇಷ್ಟನ್ನು ಹೇಳಲೆಂದೇ ಬಾಯಿ ತೆರೆದೆ. ಓಡಿದ ಏದುಸಿರು, ಒತ್ತಿಕೊಂಡು ಬಂದ ಅಳು, ಎರಡೂ ಮಾತಿಗೆ ಅಡ್ಡ ಬಂದವು.

"ತ-ತ-ತ..." ಎಂದೆ. "ತ-ತಪ್..."

ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ, ಅದು ನಟನೆಯಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಲಕ್ಕಪ್ಪ ನನ್ನನ್ನು ದಿಟ್ಟಿಸಿ ನೋಡಿದ.

"ಇ-ಇವ್ರ ಮುಂದೂವೆ ನ-ನನ್ನ ಆ-ಆಡಿ ತೋರಿಸ್ತೀಯಾ?" ಎಂದ.

ಇಲ್ಲ, ಇಲ್ಲ ಎಂದು ನಾನು ಜೋರಾಗಿ ತಲೆಯಾಡಿಸಿದೆ. ಅವನು ಆಗಲೇ ಮುಖ ಆ ಕಡೆ ತಿರುಗಿಸಿದ್ದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟು ಸರಳು ಕೈಬಿಟ್ಟಾಗಲೂ ನನ್ನ ಮಾತು ಹೊರಗೆ ಬಂದಿರಲಿಲ್ಲ.