ಜುಲೈ ತಿಂಗಳ ಮಂಕು

"ಸೌನಾ ಒಬ್ಬರಿಗೆ ಕಾಯಿಸ್ಲಾ, ಇಬ್ಬರಿಗಾ?" ಎಂದು ಎಸ್ಕೊ ಕೆರೆದಂಡೆಯ ಬೇಸಿಗೆ ಮನೆಯ ಪಕ್ಕದ ಗುಡ್ಡದಿಂದ ಫೋನಿನಲ್ಲಿ ಕೇಳಿದ.

ಸೈಮಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಸಂಜೆ ಬಸ್ಸಿಗೆ ಬರ್ತೀನಿ ಕಣೋ."

"ಮೂರು ಬೇಸಿಗೆಯಿಂದ ಇದೇ ಬಸ್ಸು. ಈ ಸಲವೂ ಬರ್ಲಿಲ್ಲ ಅಂದ್ರೆ ಕೆರೆಮನೆ ಮಾರಿಬಿಡ್ತೀನಿ. ಒಬ್ಬನೇ ಹಬೇಲಿ ಕೂತು ಬೆವರೋಕೆ ಒಂದು ಮನೆ ಬೇಕಾ?"

ಗಂಡ ಜಗಳಕ್ಕೆ ಬಂದಿದ್ದರೆ ಅವಳೂ ನಾಲ್ಕು ಮಾತು ಎಸೆಯುತ್ತಿದ್ದಳು. ಅವನು ಸೋತವನಂತೆ ಹೇಳಿದ್ದ. ಅದೇ ಅವಳಿಗೆ ನಾಟಿತು.

ತುರ್ಕು ಪಟ್ಟಣದ ಆ ಕಚೇರಿಯಲ್ಲಿ ಅವಳೊಬ್ಬಳೇ ಇದ್ದಳು. ದ್ವೀಪಗಳ ದೋಣಿಗೆ ಟಿಕೆಟ್ ಮಾರುವ ಸರ್ವರ್ ಪ್ರತಿ ಜುಲೈನಲ್ಲೂ ಮಂಕಾಗುತ್ತಿತ್ತು. ಊರಿಗೆ ಊರೇ ರಜೆಗೆ ಹೋಗುವ ತಿಂಗಳಾದ್ದರಿಂದ ಬೈಗುಳ ತಿನ್ನಲು ಉಳಿಯುತ್ತಿದ್ದವಳು ಸೈಮಿ. ರೀಸ್ಟಾರ್ಟ್ ಮಾಡಿದರೆ ಕೆಲವು ದಿನ ನೆಟ್ಟಗೆ ಓಡುತ್ತಿತ್ತು, ಆಮೇಲೆ ಅದೇ ಗೋಳು. ಕೆರೆಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ ಅವಳು ಕಚೇರಿ ಬಿಡುವಂತಿರಲಿಲ್ಲ.

ರಜೆಯ ಜನಜಂಗುಳಿಯೇ ಕಾರಣವೆಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ಇವತ್ತು ಬೇಸತ್ತು ಹಳೆಯ ಲೆಕ್ಕ ಕೆದಕಿದಾಗ ಸೈಮಿ ತಬ್ಬಿಬ್ಬಾದಳು. ಜೂನ್ ಹಬ್ಬದ ವಾರ ಇದಕ್ಕಿಂತ ಹೆಚ್ಚು ಜನ ಬಂದಿದ್ದರು, ಆಗ ಏನೂ ಆಗಿರಲಿಲ್ಲ. ಉಳಿದ ತಿಂಗಳುಗಳಲ್ಲಿ ವಾರವಾರವೂ ಪ್ರೋಗ್ರಾಮಿನಲ್ಲಿ ಯಾರೋ ಏನೋ ಬದಲಾಯಿಸುತ್ತಾರೆ, ಪ್ರತಿ ಸಲವೂ ಸರ್ವರ್ ಹೊಸದಾಗಿ ಶುರುವಾಗುತ್ತದೆ. ಜುಲೈನಲ್ಲಿ ಮಾತ್ರ ಯಾರೂ ಮುಟ್ಟುವುದಿಲ್ಲ. ಹಾಗಾದರೆ ಒಳಗೆ ಏನೋ ವರ್ಷವಿಡೀ ತುಂಬುತ್ತಲೇ ಇದೆ, ಹೊಸದಾಗಿ ಶುರುವಾದಾಗಲೆಲ್ಲ ಖಾಲಿಯಾಗುತ್ತದೆ. ಏನು?

ದೋಣಿಯಲ್ಲಿ ರಜೆ ಕಳೆಯುತ್ತಿದ್ದ ಮೇಲಧಿಕಾರಿ ಪೆಂತಿಗೆ ಫೋನ್ ಮಾಡಿದಳು.

"ತಾಯಿ, ಜುಲೈನಲ್ಲಿ ಬದಲಾವಣೆ ಇಲ್ಲ ಅಂತ ನಿಯಮ ಇದೆ. ರೀಸ್ಟಾರ್ಟ್ ಮಾಡಿ ಕಾಫಿ ಕುಡಿ. ಆಗಸ್ಟ್‌ನಲ್ಲಿ..."

ಮಾತು ನಿಂತಿತು. "ಪೆಂತಿ? ಹಲೋ?" ದ್ವೀಪದ ಮರೆಗೆ ಹೋಗಿರಬೇಕು. ಸೈಮಿ ಮಾತ್ರ ಫೋನು ಕಿವಿಗೊತ್ತಿಕೊಂಡೇ ಕೂತಿದ್ದಳು. ಕೂತಿದ್ದಂತೆಯೇ ಅವಳಿಗೆ ಹೊಳೆಯಿತು. ಟಿಕೆಟ್ ತೆಗೆಯುತ್ತಾ ಸಮುದ್ರದ ನಡುವೆ ಸಿಗ್ನಲ್ ಕಳೆದುಕೊಂಡ ಫೋನುಗಳು ಹೋದೆವೆಂದು ಹೇಳಿ ಹೋಗುವುದಿಲ್ಲ. ಸರ್ವರ್ ಪಾಪ, ಒಬ್ಬೊಬ್ಬರಿಗೂ ಮೆಮೊರಿಯಲ್ಲಿ ಜಾಗ ಹಿಡಿದುಕೊಂಡು ಕಾಯುತ್ತಲೇ ಇದೆ.

ಉತ್ತರ ಬಾರದ ಸಂಪರ್ಕವನ್ನು ಸ್ವಲ್ಪ ಹೊತ್ತಿನ ನಂತರ ಬಿಟ್ಟುಬಿಡು ಎಂದು ಹೇಳುವ ಒಂದು ಸಾಲು ಸಾಕಿತ್ತು. ನಿಯಮ ಮುರಿದರೆ ಪೆಂತಿ ಕೂಗಾಡುತ್ತಾನೆ. ಕೂಗಾಡಲಿ. ಅವಳು ಸಾಲು ಬರೆದಳು, ಪರೀಕ್ಷಿಸಿದಳು, ಸರ್ವರ್‌ಗೆ ಹಾಕಿದಳು. ಪರದೆಯ ಮೇಲೆ ಏರುತ್ತಲೇ ಇದ್ದ ಮೆಮೊರಿಯ ಗೆರೆ ಮಧ್ಯಾಹ್ನವಿಡೀ ಸಮನಾಗಿ ಹರಿಯಿತು. ಸಂಜೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ನಿಲ್ದಾಣದಲ್ಲಿ ಎಸ್ಕೊ ಚೀಲ ಇಸಿದುಕೊಂಡ. ಕೆರೆಮನೆಯ ಸೌನಾದ ಹೊರಕೋಣೆಯಲ್ಲಿ, ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಎರಡು ಹಸಿ ಕಂತೆಗಳು ತೂಗುತ್ತಿದ್ದವು. ಪಕ್ಕದ ಮೊಳೆಯಲ್ಲಿ ಇನ್ನೂ ಮೂರಿದ್ದವು, ಒಣಗಿ ಕಂದಾಗಿದ್ದವು.

"ಇವ್ಯಾವು?"

"ನಿನ್ನವೇ. ವರ್ಷಕ್ಕೊಂದು."

"ಬಿಸಾಕಬಾರದಿತ್ತಾ?"

"ಬರಲ್ಲ ಅಂತ ನೀನು ಯಾವತ್ತೂ ಹೇಳ್ಲಿಲ್ವಲ್ಲ."

ಸೈಮಿ ಒಣ ಕಂತೆಗಳನ್ನು ಇಳಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಬೆಂಕಿಗೆ ಹಾಕಿದಳು. ಎಲೆಗಳು ಚಟಪಟ ಎಂದವು. ಎಸ್ಕೊ ಇಬ್ಬರಿಗೂ ನೀರು ತರಲು ಎರಡನೆಯ ಬಕೆಟ್ಟು ಹಿಡಿದು ಕೆರೆಯ ಕಡೆ ನಡೆದ.